ಬಾಳೆಯ ಕಂದು: ಕೊಡುವವರ ಹೊಣೆ

(ಮಳೆಗಾಲಕ್ಕೆ ಮುನ್ನ ನಡೆದ ನಮ್ಮ ಬಳಗದ ಬೀಜ ಮತ್ತು ಗಿಡ ವಿನಿಮಯ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆಗೆ ಬರುವಾಗ ಎರಡು ನೋಟಗಳನ್ನು ಕಂಡೆ. ಬಲಗಡೆಯ ಮೇಜಿನ ಮೇಲೆ ಭರಣಿಗಳಲ್ಲಿ, ಬಟ್ಟೆಯ ಗಂಟುಗಳಲ್ಲಿ ಬೀಜಗಳಿವೆ. ಸೌತೆ, ಹೀರೆ, ಬದನೆ, ಅವರೆ, ಗದ್ದೆಯ ಭತ್ತ, ಹೀಗೆ. ಪ್ರತಿಯೊಂದಕ್ಕೂ ಹೆಸರಿನ ಚೀಟಿ ಇದೆ. ಎಡಗಡೆಯ ಜಗಲಿಯ ಮೂಲೆಯಲ್ಲಿ ಬಾಳೆಯ ಕಂದುಗಳ ರಾಶಿ ಇದೆ. ಯಾವ ತೋಟದ್ದು, ಯಾವ ತಳಿ, ಯಾರು ತಂದದ್ದು ಎಂಬ ಚೀಟಿ ಅದರ ಮೇಲಿಲ್ಲ. ಹಾಗಿರುವುದು ಸಹಜವೇ. ಬಾಳೆಯ ಕಂದನ್ನು ಕೇಳುವುದಕ್ಕೂ ಕೊಡುವುದಕ್ಕೂ ನಮ್ಮಲ್ಲಿ ಯಾರೂ ಎರಡು ಬಾರಿ ಯೋಚಿಸುವುದಿಲ್ಲ. ನೆಂಟರ ಮನೆಗೆ ಹೋದರೆ ಬರುವಾಗ ಕೈಯಲ್ಲಿ ಒಂದು ಕಂದು ಇರುತ್ತದೆ.

ನಾನು ಇಂದು ಮಾತನಾಡುವುದು ಆ ರಾಶಿಯ ಬಗ್ಗೆ. ಮೊದಲಿಗೆ ಒಂದು ವಿನಂತಿ. ನನ್ನ ಮಾತು ಮುಗಿಯುವ ತನಕ ದಯವಿಟ್ಟು ಯಾರೂ ಅದರಿಂದ ಕಂದನ್ನು ಒಯ್ಯಬೇಡಿ. ಏಕೆಂಬುದನ್ನು ಹೇಳಲೆಂದೇ ಈ ಸಮಯವನ್ನು ಕೇಳಿ ಪಡೆದಿದ್ದೇನೆ.

ಬೀಜವಿಲ್ಲದ ಬೆಳೆ

ನಮ್ಮ ಸಹ್ಯಾದ್ರಿಯ ಬಂಡೆಗಳ ಇಳಿಜಾರಿನಲ್ಲಿ ಕಲ್ಲುಬಾಳೆ ಬೆಳೆಯುವುದನ್ನು ನೀವೆಲ್ಲ ನೋಡಿದ್ದೀರಿ. ಮಳೆ ಬಿದ್ದೊಡನೆ ಎಲೆ ಬಿಚ್ಚುತ್ತದೆ, ಬೇಸಗೆಯಲ್ಲಿ ಎಲೆಯೆಲ್ಲ ಒಣಗಿ ಬುಡ ಮಾತ್ರ ಉಳಿಯುತ್ತದೆ. ಹಲವು ವರ್ಷ ಹೀಗೆ ಬಾಳಿ, ಒಮ್ಮೆ ಹೂಬಿಟ್ಟು, ಕಾಯಿ ಕಟ್ಟಿ, ಸಾಯುತ್ತದೆ. ಅದು ಕಂದು ಹಾಕುವುದಿಲ್ಲ. ಅದರ ಸಂತಾನವೆಲ್ಲ ಹಣ್ಣಿನೊಳಗಿನ ಗಟ್ಟಿಯಾದ ಕಪ್ಪು ಬೀಜಗಳಿಂದಲೇ ಮುಂದುವರಿಯಬೇಕು. ಕಲ್ಲುಬಾಳೆಗೆ ಮನುಷ್ಯನ ಹಂಗಿಲ್ಲ.

ನಮ್ಮ ತೋಟದ ಬಾಳೆ ಇದಕ್ಕೆ ತೀರ ವಿರುದ್ಧ. ಅದರ ಹಣ್ಣನ್ನು ಅಡ್ಡಲಾಗಿ ಕೊಯ್ದರೆ ನಡುವೆ ಕಾಣುವ ಸಣ್ಣ ಕಪ್ಪು ಚುಕ್ಕೆಗಳು ಬೀಜವಾಗದೆ ಉಳಿದ ಅಂಡಕಗಳು. ಮೂಲದಲ್ಲಿ ಬಾಳೆಯ ಕಾಡು ಪೂರ್ವಜರು ಎರಡು. ಒಂದು ಮ್ಯೂಸಾ ಅಕ್ಯುಮಿನೇಟಾ, ಇನ್ನೊಂದು ಮ್ಯೂಸಾ ಬಾಲ್ಬಿಸಿಯಾನಾ. ಎರಡರ ಹಣ್ಣಿನಲ್ಲಿಯೂ ಬೀಜ ತುಂಬಿರುತ್ತದೆ. ಇವುಗಳ ಮತ್ತು ಇವುಗಳ ಮಿಶ್ರಣಗಳ ನಡುವೆ ಯಾವುದೋ ಕಾಲದಲ್ಲಿ ಬೀಜವಿಲ್ಲದೆಯೇ ತಿರುಳು ತುಂಬುವ ಗಿಡಗಳು ಹುಟ್ಟಿದವು. ಮನುಷ್ಯ ಅವನ್ನು ಗುರುತಿಸಿ, ಕಂದು ಕಿತ್ತು ತನ್ನ ಗುಡಿಸಲಿನ ಬಳಿ ನೆಟ್ಟ. ಪಪುವಾ ನ್ಯೂಗಿನಿಯ ಕುಕ್ ಎಂಬ ಜೌಗುಪ್ರದೇಶದಲ್ಲಿ ಸುಮಾರು 6,500 ವರ್ಷಗಳ ಹಿಂದೆಯೇ ಬಾಳೆಯ ಕೃಷಿ ನಡೆದಿತ್ತೆಂಬುದಕ್ಕೆ ಮಣ್ಣಿನ ಪದರಗಳಲ್ಲಿ ಕುರುಹುಗಳು ದೊರೆತಿವೆ.

ಇಂದು ನಾವು ಬೆಳೆಯುವ ಹೆಚ್ಚಿನ ತಳಿಗಳಲ್ಲಿ ವರ್ಣತಂತುಗಳ ಮೂರು ಗಣಗಳಿವೆ. ಗಣವೊಂದಕ್ಕೆ 11ರಂತೆ ಒಟ್ಟು 33. ಮೂರನ್ನು ಸಮನಾಗಿ ಎರಡು ಪಾಲು ಮಾಡಲಾಗದು. ಹೀಗಾಗಿ ಫಲವತ್ತಾದ ಪರಾಗವಾಗಲಿ ಅಂಡಕವಾಗಲಿ ಸುಲಭವಾಗಿ ರೂಪುಗೊಳ್ಳುವುದಿಲ್ಲ. ರಸಬಾಳೆ, ಬೂದಿಬಾಳೆ, ಪೇಟೆಯಲ್ಲಿ ಸಿಗುವ ಹಸಿರು ಕ್ಯಾವೆಂಡಿಶ್ ಎಲ್ಲವೂ ಈ ಗುಂಪಿನವು. ಏಲಕ್ಕಿಬಾಳೆ ಎಂದು ಕರೆಯುವ ಪುಟ್ಟಬಾಳೆಯಲ್ಲಿ ಎರಡೇ ಗಣಗಳಿದ್ದರೂ ಅವು ಬೇರೆ ಬೇರೆ ಪೂರ್ವಜರಿಂದ ಬಂದಿರುವುದರಿಂದ ಅದೂ ಬೀಜ ಕಟ್ಟುವುದಿಲ್ಲ.

ಇದರ ಅರ್ಥವನ್ನು ಸ್ವಲ್ಪ ಗಮನಿಸಬೇಕು. ಆ ಮೇಜಿನ ಮೇಲಿರುವ ಬದನೆಯ ಬೀಜವನ್ನು ಒಣಗಿಸಿ, ಬೂದಿ ಬೆರೆಸಿ, ಭರಣಿಯಲ್ಲಿಟ್ಟರೆ ಕೆಲವು ವರ್ಷ ಉಳಿಯುತ್ತದೆ. ಬಾಳೆಯನ್ನು ಯಾವ ಬೀಜ ಬ್ಯಾಂಕಿನಲ್ಲಿಯೂ ಹಾಗೆ ಇಡಲಾಗದು. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದಲ್ಲಿ 1985ರಿಂದ ಜಗತ್ತಿನ ಬಾಳೆ ತಳಿಗಳ ಸಂಗ್ರಹವಿದೆ. ಅಲ್ಲಿ 1,500ಕ್ಕೂ ಹೆಚ್ಚು ಮಾದರಿಗಳನ್ನು ಗಾಜಿನ ನಳಿಗೆಗಳಲ್ಲಿ ಎಳೆಯ ಗಿಡಗಳಾಗಿ, ಇಲ್ಲವೆ ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಬೆಳವಣಿಗೆಯ ತುದಿಗಳಾಗಿ ಕಾಪಾಡುತ್ತಾರೆ. ನಮಗೆ ಅದು ಎಟುಕುವ ಮಾರ್ಗವಲ್ಲ. ನಮ್ಮ ಕರಿಬಾಳೆ, ಸಕ್ಕರೆಬಾಳೆ, ಚಂದ್ರಬಾಳೆ ಉಳಿಯಬೇಕಾದರೆ ಯಾರಾದರೊಬ್ಬರ ಹಿತ್ತಿಲಿನಲ್ಲಿ, ನೆಲದಲ್ಲಿ, ಜೀವಂತವಾಗಿ ನಿಂತಿರಬೇಕು; ಅಲ್ಲಿಂದ ಇನ್ನೊಬ್ಬರ ಹಿತ್ತಿಲಿಗೆ ಹೋಗುತ್ತಿರಬೇಕು. ಕಂದು ಕೊಡುವುದು ನಿಂತ ದಿನ ಆ ತಳಿಯೂ ಕೊನೆಗಾಣುತ್ತದೆ. ಆದ್ದರಿಂದ ವಿನಿಮಯವನ್ನು ನಿಲ್ಲಿಸಿ ಎಂದು ಹೇಳಲು ನಾನು ಬಂದಿಲ್ಲ.

ಕಂದು ಎಂದರೇನು

ನಾವು ಬಾಳೆಯ ಕಾಂಡವೆಂದು ತಿಳಿದಿರುವುದು ಕಾಂಡವಲ್ಲ. ಎಲೆಗಳ ಬುಡದ ಪಟ್ಟೆಗಳು ಒಂದರ ಮೇಲೊಂದು ಸುತ್ತಿಕೊಂಡು ಆದ ಹುಸಿಕಾಂಡ ಅದು. ನಿಜವಾದ ಕಾಂಡ ಮಣ್ಣಿನೊಳಗಿನ ಗಡ್ಡೆ. ಗಡ್ಡೆಯ ನೆತ್ತಿಯಲ್ಲಿ ಬೆಳವಣಿಗೆಯ ತುದಿಯಿದೆ. ಅದು ಒಂದಾದ ಮೇಲೊಂದರಂತೆ ಎಲೆಗಳನ್ನು ಹೊರಡಿಸಿ, ಕಾಲ ಬಂದಾಗ ಹೂಗೊನೆಯಾಗಿ ಮಾರ್ಪಟ್ಟು, ಹುಸಿಕಾಂಡದ ನಡುವಿನಿಂದ ಮೇಲೇರಿ ಹೊರಬರುತ್ತದೆ. ನಾವು ಪಲ್ಯ ಮಾಡುವ ದಿಂಡು ಅದೇ. ತುದಿ ಹೂವಾದ ಮೇಲೆ ಆ ಗಿಡಕ್ಕೆ ಮುಂದಿನ ಬೆಳವಣಿಗೆಯಿಲ್ಲ. ಗಡ್ಡೆಯ ಮೈಮೇಲಿನ ಕಣ್ಣುಗಳಿಂದ ಹೊರಟ ಕಂದುಗಳು ಬಾಳನ್ನು ಮುಂದುವರಿಸುತ್ತವೆ.

ಕಂದುಗಳಲ್ಲಿ ಎರಡು ಬಗೆ. ಕತ್ತಿಕಂದು ಗಡ್ಡೆಯ ಆಳದ ಕಣ್ಣಿನಿಂದ ಹೊರಡುತ್ತದೆ. ಅದರ ಬುಡ ದಪ್ಪ, ಎಲೆ ಕತ್ತಿಯಲಗಿನಂತೆ ಕಿರಿದು. ತಾಯಿಯ ಗಡ್ಡೆಗೆ ಬಲವಾಗಿ ಅಂಟಿಕೊಂಡು ಅದರಿಂದಲೇ ಆಹಾರ ಪಡೆಯುವುದರಿಂದ ಅದಕ್ಕೆ ಅಗಲವಾದ ಎಲೆಯ ಅಗತ್ಯ ಬೇಗ ಬರುವುದಿಲ್ಲ. ನೀರುಗಂದು ಮೇಲ್ಮೈಗೆ ಹತ್ತಿರದಲ್ಲಿ ಹುಟ್ಟುತ್ತದೆ. ತಾಯಿಯೊಡನೆ ಅದರ ನಂಟು ದುರ್ಬಲ. ತನ್ನ ಅನ್ನವನ್ನು ತಾನೇ ಸಂಪಾದಿಸಬೇಕಾಗಿ ಬಂದು ಎಳವೆಯಲ್ಲೇ ಅಗಲವಾದ ಎಲೆ ಬಿಡುತ್ತದೆ. ನೋಟಕ್ಕೆ ಅದೇ ಹುಲುಸಾಗಿ ಕಾಣುತ್ತದೆ. ಕೊಳ್ಳುವವರು ಮೋಸಹೋಗುವುದೂ ಅದಕ್ಕೇ. ಅದರ ಗಡ್ಡೆ ಚಿಕ್ಕದು, ಗೊನೆಯೂ ಚಿಕ್ಕದು. ನೆಡಲು ಎರಡು ಮೂರು ತಿಂಗಳು ಬೆಳೆದ, ಗಡ್ಡೆಯ ತೂಕ ಒಂದೂವರೆಯಿಂದ ಎರಡು ಕಿಲೋ ಇರುವ ಕತ್ತಿಕಂದೇ ಸರಿ.

ಕಂದನ್ನು ಹೊರಗಿನಿಂದ ಎಳೆದು ಮುರಿಯಬಾರದು. ತಾಯಿಗಡ್ಡೆ ಮತ್ತು ಕಂದಿನ ನಡುವೆ ಹಾರೆಯನ್ನು ಇಳಿಸಿ, ಗಡ್ಡೆಗೆ ಪೆಟ್ಟಾಗದಂತೆ ಬಿಡಿಸಬೇಕು. ಆಮೇಲೆ ಬೇರುಗಳನ್ನೆಲ್ಲ ಸವರಿ, ಗಡ್ಡೆಯ ಹೊರಸಿಪ್ಪೆಯನ್ನು ತೆಳುವಾಗಿ ಕೆತ್ತಬೇಕು. ಹೀಗೆ ಕೆತ್ತಿದಾಗ ಗಡ್ಡೆ ಹಾಲಿನಂತೆ ಬಿಳಿಯಾಗಿರಬೇಕು. ಕೆತ್ತುವುದರಿಂದ ಹುಳದ ಮೊಟ್ಟೆಗಳು ಹೋಗುತ್ತವೆ, ಜೊತೆಗೆ ಗಡ್ಡೆಯೊಳಗೆ ಏನಿದೆ ಎಂಬುದೂ ನಮಗೆ ಕಾಣುತ್ತದೆ. ನಮ್ಮ ಹೆಚ್ಚಿನ ಮನೆಗಳಲ್ಲಿ ಈ ಕೆಲಸ ಬಿಟ್ಟುಹೋಗಿದೆ. ಮಣ್ಣು ಮೆತ್ತಿದ ಗಡ್ಡೆಯನ್ನು ಹಾಗೆಯೇ ಒಯ್ದು ಹಾಗೆಯೇ ಹೂಳುತ್ತೇವೆ.

ಕಂದಿನೊಡನೆ ಬರುವವರು

ಬೀಜದ ಮೂಲಕ ಹರಡುವ ರೋಗಗಳು ಸಾಮಾನ್ಯವಾಗಿ ಕಡಿಮೆ. ಕಂದು ಬೀಜವಲ್ಲ, ಅದು ತಾಯಿಯ ದೇಹದ ಒಂದು ತುಂಡು. ತಾಯಿಗೆ ಇರುವ ಕಾಯಿಲೆ ಅದಕ್ಕೂ ಇರುತ್ತದೆ. ನಾಲ್ಕು ಬಗೆಯ ಅತಿಥಿಗಳು ಹೀಗೆ ಬರುತ್ತಾರೆ.

ಮೊದಲನೆಯದು ಗಡ್ಡೆ ಕೊರೆಯುವ ಮೂತಿಹುಳು. ಗಡ್ಡೆಯನ್ನು ಕೆತ್ತಿದಾಗ ಕಪ್ಪಾದ ಸುರಂಗಗಳು ಕಂಡರೆ ಅದು ಒಳಗಿದೆಯೆಂದು ತಿಳಿಯಬೇಕು.

ಎರಡನೆಯದು ಬೇರು ಕೊರೆಯುವ ಜಂತುಹುಳು. ಕಣ್ಣಿಗೆ ಕಾಣುವುದಿಲ್ಲ. ಬೇರನ್ನು ಉದ್ದಕ್ಕೆ ಸೀಳಿದಾಗ ಕೆಂಗಂದು ಅಥವಾ ಕಪ್ಪು ಗಾಯಗಳು ಕಾಣುತ್ತವೆ. ನಮ್ಮ ತೋಟಗಳಲ್ಲಿ ಇದು ಬಾಳೆಯೊಂದರ ಸಮಸ್ಯೆಯಲ್ಲ. ಇದೇ ಜಂತುಹುಳು ಕಾಳುಮೆಣಸಿನ ಬೇರನ್ನೂ ಕೊರೆಯುತ್ತದೆ, ಅಡಿಕೆಯ ಬೇರನ್ನೂ ಕೊರೆಯುತ್ತದೆ. ಬಳ್ಳಿ ವರ್ಷದಿಂದ ವರ್ಷಕ್ಕೆ ಹಳದಿಯಾಗಿ ನಿಧಾನವಾಗಿ ಸೊರಗುವುದಕ್ಕೆ ಇದೂ ಒಂದು ಕಾರಣ. ಅಡಿಕೆಯ ಸಾಲಿನ ನಡುವೆ ನೆರಳಿಗೂ ಆದಾಯಕ್ಕೂ ಆಗಲಿ ಎಂದು ನೆಟ್ಟ ಒಂದು ಕಂದು, ಮೆಣಸಿನ ಬುಡಕ್ಕೆ ಶತ್ರುವನ್ನು ತಂದು ಬಿಡಬಲ್ಲುದು.

ಮೂರನೆಯದು ಪನಾಮಾ ಸೊರಗು ರೋಗದ ಶಿಲೀಂಧ್ರ. ಕೆಳಗಿನ ಎಲೆಗಳು ಹಳದಿಯಾಗಿ ತೊಟ್ಟು ಮುರಿದು ಜೋತುಬೀಳುತ್ತವೆ, ಹುಸಿಕಾಂಡದ ಬುಡ ಸೀಳುತ್ತದೆ, ಗಡ್ಡೆಯನ್ನು ಕೊಯ್ದರೆ ಕೆಂಪು ಚುಕ್ಕೆಗಳೂ ಗೆರೆಗಳೂ ಕಾಣುತ್ತವೆ. ಒಮ್ಮೆ ಮಣ್ಣಿಗೆ ಸೇರಿದರೆ ದಶಕಗಳ ಕಾಲ ಅಲ್ಲಿಯೇ ಇರುತ್ತದೆ. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ನಂಜನಗೂಡಿನ ರಸಬಾಳೆ ತನ್ನ ಸ್ವಂತ ನೆಲದಲ್ಲಿಯೇ ಅಪರೂಪವಾಗಲು ಇದೇ ಮುಖ್ಯ ಕಾರಣ. ಮಧ್ಯ ಅಮೆರಿಕದ ದೊಡ್ಡ ತೋಟಗಳಲ್ಲಿ ಗ್ರೋ ಮಿಶೆಲ್ ಎಂಬ ಒಂದೇ ತಳಿಯನ್ನು ಬೆಳೆದು, ಅದರ ಕಂದುಗಳನ್ನೇ ಹೊಸ ತೋಟಗಳಿಗೆ ಸಾಗಿಸುತ್ತ ಹೋದಾಗ ಶಿಲೀಂಧ್ರವೂ ಜೊತೆಯಲ್ಲೇ ಸಾಗಿತು. 1960ರ ಸುಮಾರಿಗೆ ರಫ್ತು ವ್ಯಾಪಾರ ಆ ತಳಿಯನ್ನೇ ಕೈಬಿಟ್ಟು ಕ್ಯಾವೆಂಡಿಶ್ ಗುಂಪಿಗೆ ಬದಲಾಯಿತು. ಈಗ ಕ್ಯಾವೆಂಡಿಶನ್ನೂ ಕೊಲ್ಲುವ ಟಿಆರ್-4 ಎಂಬ ಬಗೆ ಬಂದಿದೆ. ಭಾರತದಲ್ಲಿ 2015ರಲ್ಲಿ ಬಿಹಾರದ ಕಟಿಹಾರ್ ಮತ್ತು ಪೂರ್ಣಿಯಾ ಭಾಗದಲ್ಲಿ ಅದು ಕಾಣಿಸಿಕೊಂಡಿತು, ಆನಂತರ ಉತ್ತರ ಪ್ರದೇಶದಲ್ಲಿಯೂ.

ನಾಲ್ಕನೆಯದು ವೈರಸ್. ಅವುಗಳಲ್ಲಿ ಅತ್ಯಂತ ಕ್ರೂರವಾದದ್ದು ಬಂಚಿ ಟಾಪ್ ಎಂದು ಕರೆಯುವ ತುದಿಗೊಂಚಲು ರೋಗ. ಇದರ ಬಗ್ಗೆ ಪುಸ್ತಕದ ಮಾತು ಬೇಡ. ನನ್ನ ತೋಟದಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ನನ್ನ ಕೈಯಿಂದ ಆದ ತಪ್ಪು

2019ರ ಆಗಸ್ಟ್ ತಿಂಗಳ ಮಹಾಮಳೆ ನಿಮಗೆಲ್ಲ ನೆನಪಿದೆ. ನಮ್ಮ ಊರಿನ ಹಳ್ಳವೂ ದಂಡೆ ಮೀರಿ ಹರಿಯಿತು. ಹಳ್ಳದಾಚೆಯ ಮನೆಯ ದೊಡ್ಡಮ್ಮನ ತಗ್ಗಿನ ತೋಟದ ಮೇಲೆ ಮಣ್ಣು ಕುಳಿತು, ಅವರು ಅತ್ತೆಯ ಕಾಲದಿಂದ ಕಾಪಾಡಿಕೊಂಡು ಬಂದಿದ್ದ ಕರಿಬಾಳೆಯ ಬುಡಗಳೆಲ್ಲ ನಾಶವಾದವು. ನಮ್ಮ ಮನೆಯ ಕರಿಬಾಳೆಯೂ ಮೂಲದಲ್ಲಿ ಅವರು ಕೊಟ್ಟದ್ದೇ. ಮುಂದಿನ ವರ್ಷದ ಜೂನ್ ತಿಂಗಳಿನಲ್ಲಿ ನಾನು ಒಂಬತ್ತು ಕಂದುಗಳನ್ನು ಕಿತ್ತು ಅವರ ಅಂಗಳದಲ್ಲಿಟ್ಟು ಬಂದೆ. ಗಡ್ಡೆ ಕೆತ್ತಿದ್ದೆ. ಬಿಳಿಯಾಗಿತ್ತು. ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವಳು ಕೊಟ್ಟ ಕಂದೆಂದು ಅವರೂ ನಿಶ್ಚಿಂತರಾಗಿದ್ದರು, ನಾನೂ ನಿಶ್ಚಿಂತಳಾಗಿದ್ದೆ.

ದೀಪಾವಳಿಯ ಹೊತ್ತಿಗೆ ಅವರು ಕರೆಸಿದರು. "ತಂಗೀ, ನೀನು ಕೊಟ್ಟ ಬಾಳೆ ಮೇಲೇಳುತ್ತಲೇ ಇಲ್ಲ. ಎಲೆಯೆಲ್ಲ ಮುದುಡಿ ಆಕಾಶ ನೋಡುತ್ತಿದೆ. ನನ್ನ ಕೈಗುಣವೇ ಹೋಯಿತೋ ಏನೋ" ಎಂದರು. ಹೋಗಿ ನೋಡಿದೆ. ಎಲೆಗಳು ಕಿರಿದಾಗಿ, ಗಡುಸಾಗಿ, ಅಂಚು ಹಳದಿಯಾಗಿ, ತುದಿಯಲ್ಲಿ ಗೊಂಚಲಿನಂತೆ ನೆಟ್ಟಗೆ ನಿಂತಿದ್ದವು. ಎಲೆಯನ್ನು ಬೆಳಕಿಗೆ ಹಿಡಿದಾಗ ನಡುದಿಂಡಿನ ಪಕ್ಕದ ನರಗಳ ಮೇಲೆ ಕಡುಹಸಿರಿನ ಚುಕ್ಕೆಗಳೂ ತುಂಡುಗೆರೆಗಳೂ ಕಂಡವು. ಹಳೆಯ ತಂತಿ ಸಂದೇಶದ ಸಂಕೇತಗಳಂತೆ ಇರುವ ಆ ಗುರುತನ್ನು ನಾನು ವಿದ್ಯಾರ್ಥಿಗಳಿಗೆ ಎಷ್ಟೋ ಬಾರಿ ತೋರಿಸಿದ್ದೆ. ಒಂಬತ್ತರಲ್ಲಿ ಆರು ಗಿಡಗಳಿಗೆ ರೋಗ ಬಂದಿತ್ತು.

ಮನೆಗೆ ಬಂದು ನಮ್ಮ ತೋಟದ ಕರಿಬಾಳೆಯ ಬುಡಗಳನ್ನು ಒಂದೊಂದಾಗಿ ನೋಡಿದೆ. ತಾಯಿಗಿಡ ಚೆನ್ನಾಗಿಯೇ ಇತ್ತು, ಗೊನೆಯನ್ನೂ ಹಾಕಿತ್ತು. ಹೊಸದಾಗಿ ಹೊರಟ ಒಂದು ಮರಿಯ ಎಲೆಯಲ್ಲಿ ಅದೇ ತುಂಡುಗೆರೆಗಳಿದ್ದವು. ಈ ರೋಗದ ಮೋಸ ಇಲ್ಲಿದೆ. ಸೋಂಕು ತಗುಲಿದ ಬುಡದಿಂದ ಕಿತ್ತ ಕಂದು ಆ ಹೊತ್ತಿಗೆ ಆರೋಗ್ಯವಾಗಿಯೇ ಕಾಣಬಹುದು. ಗುರುತು ಹೊರಬೀಳುವುದು ಆಮೇಲೆ ಬಿಟ್ಟ ಎಲೆಗಳಲ್ಲಿ. ಗಡ್ಡೆ ಕೆತ್ತಿದರೂ ಕಾಣುವುದಿಲ್ಲ, ಬಿಸಿನೀರಿನಲ್ಲಿ ಅದ್ದಿದರೂ ಹೋಗುವುದಿಲ್ಲ. ಹಿಂದಿನ ವರ್ಷ ರಸ್ತೆಬದಿಯ ಮಾರಾಟಗಾರರೊಬ್ಬರಿಂದ ಚೀಟಿಯಿಲ್ಲದ ಎರಡು ಬಾಳೆ ಗಿಡಗಳನ್ನು ತಂದು ಕರಿಬಾಳೆಯ ಪಕ್ಕದಲ್ಲೇ ನೆಟ್ಟಿದ್ದೆ. ರೋಗ ಅಲ್ಲಿಂದಲೇ ಬಂದಿತೆಂದು ಸಾಧಿಸಲು ನನ್ನಲ್ಲಿ ಪುರಾವೆಯಿಲ್ಲ. ಎಲ್ಲಿಂದ ಬಂದಿತೆಂದು ಕೇಳದೆ ನೆಟ್ಟವಳು ನಾನು, ಒಂದು ಮಳೆಗಾಲವೂ ಕಾಯದೆ ಕಂದು ಕೊಟ್ಟವಳೂ ನಾನು. ದೊಡ್ಡಮ್ಮನ ಕೈಗುಣಕ್ಕೆ ಏನೂ ಆಗಿರಲಿಲ್ಲ.

ಈ ರೋಗ ಒಂದು ತೋಟದೊಳಗೆ ಗಿಡದಿಂದ ಗಿಡಕ್ಕೆ ಹರಡುವುದು ಬಾಳೆಯ ಕಂದುಬಣ್ಣದ ಹೇನಿನಿಂದ. ಪಟ್ಟೆಯ ಸಂದಿಯಲ್ಲಿ, ಮರಿಯ ಬುಡದಲ್ಲಿ ಇರುವೆಗಳ ಸಂಗಡ ಅದು ಗುಂಪಾಗಿರುತ್ತದೆ. ಊರಿನಿಂದ ಊರಿಗೆ, ದೇಶದಿಂದ ದೇಶಕ್ಕೆ ಹರಡುವುದು ಮಾತ್ರ ಕಂದಿನಿಂದ, ಅಂದರೆ ಮನುಷ್ಯನಿಂದ. ರೋಗದ ಗಿಡವನ್ನು ತೆಗೆಯುವುದಕ್ಕೂ ಒಂದು ಕ್ರಮವಿದೆ. ಮೊದಲು ಸಾಬೂನು ಮತ್ತು ಬೇವಿನೆಣ್ಣೆಯ ದ್ರಾವಣವನ್ನು ಸುಳಿಗೂ ಬುಡಕ್ಕೂ ಚೆನ್ನಾಗಿ ಸಿಂಪಡಿಸಿ ಹೇನುಗಳನ್ನು ಕೊಲ್ಲಬೇಕು. ಆಮೇಲೆ ಗಡ್ಡೆಸಮೇತ ಅಗೆದು, ಚೂರು ಮಾಡಿ, ಆ ತೋಟದಲ್ಲಿಯೇ ಒಣಗಿಸಬೇಕು. ಮೊದಲೇ ಕಡಿದರೆ ಹೇನುಗಳು ಒಣಗುವ ಗಿಡವನ್ನು ಬಿಟ್ಟು ಪಕ್ಕದ ಗಿಡಕ್ಕೆ ಹೋಗುತ್ತವೆ. ನಾವು ಎರಡೂ ಮನೆಯವರು ಸೇರಿ ಕರಿಬಾಳೆಯನ್ನಷ್ಟೇ ಅಲ್ಲ, ಹತ್ತಿರದ ಎಲ್ಲ ಬಾಳೆಯನ್ನೂ ತೆಗೆದೆವು. ಮಣ್ಣಿನಲ್ಲಿ ಉಳಿದ ಗಡ್ಡೆಯ ಚೂರುಗಳಿಂದ ಮರಿಗಳು ಮತ್ತೆ ಮತ್ತೆ ಹೊರಡುತ್ತಿದ್ದವು. ಎರಡು ಮಳೆಗಾಲ ಅವನ್ನು ಹುಡುಕಿ ಕೀಳುವುದೇ ಕೆಲಸವಾಯಿತು. ಹಬ್ಬಕ್ಕೆ ಬಾಳೆ ಎಲೆಯನ್ನು ಪೇಟೆಯಿಂದ ತಂದೆವು.

ಇಂಥ ನಷ್ಟವನ್ನು ಒಂದು ದೇಶವೇ ಅನುಭವಿಸಿದ ನಿದರ್ಶನವಿದೆ. 1913ರಲ್ಲಿ ಫಿಜಿಯಿಂದ ಬಂದ ಕಂದುಗಳ ಜೊತೆ ತುದಿಗೊಂಚಲು ರೋಗ ಆಸ್ಟ್ರೇಲಿಯಾವನ್ನು ಹೊಕ್ಕಿತು. ಹನ್ನೆರಡು ವರ್ಷಗಳೊಳಗೆ ರೋಗ ಹೊಕ್ಕ ಪ್ರದೇಶಗಳ ಬಾಳೆ ಕೃಷಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಮಗೀ ಎಂಬ ವಿಜ್ಞಾನಿ ಹೇನಿನ ಪಾತ್ರವನ್ನು 1920ರ ದಶಕದಲ್ಲಿ ತೋರಿಸಿಕೊಟ್ಟರು. ಅನಂತರ ಅಲ್ಲಿ ಅನುಸರಿಸಿದ ಮಾರ್ಗ ಸರಳವಾದದ್ದು: ಪ್ರತಿ ತೋಟವನ್ನು ಪರಿಶೀಲಿಸುವುದು, ರೋಗದ ಬುಡವನ್ನು ತಡಮಾಡದೆ ನಾಶಪಡಿಸುವುದು, ಅನುಮತಿಯಿಲ್ಲದೆ ಯಾರೂ ಕಂದು ಸಾಗಿಸದಿರುವುದು. ಔಷಧಿಯಿಲ್ಲದ ರೋಗವನ್ನು ಶಿಸ್ತಿನಿಂದ ಹತೋಟಿಗೆ ತಂದು ಅವರು ಬಾಳೆ ಕೃಷಿಯನ್ನು ಮತ್ತೆ ಕಟ್ಟಿದರು. ನಮ್ಮ ದೇಶದಲ್ಲಿ 1940ರ ಸುಮಾರಿಗೆ ಕೇರಳದಲ್ಲಿ ಕಾಣಿಸಿಕೊಂಡ ಈ ರೋಗ, ತಮಿಳುನಾಡಿನ ಪಳನಿ ಬೆಟ್ಟಗಳ ಪ್ರಸಿದ್ಧ ವಿರೂಪಾಕ್ಷಿ ಬಾಳೆಯ ತೋಟಗಳನ್ನು ಬಹುಪಾಲು ನುಂಗಿಹಾಕಿತು. ಅದೂ ನಮ್ಮಂತೆಯೇ ಕಾಫಿ, ಮೆಣಸಿನ ನಡುವೆ ಬಾಳೆ ಬೆಳೆಯುವ ಬೆಟ್ಟಸೀಮೆ.

ಅಂಗಾಂಶ ಕೃಷಿಯ ಗಿಡ

ಹಾಗಿದ್ದರೆ ಅಂಗಾಂಶ ಕೃಷಿಯ ಗಿಡವನ್ನೇ ಕೊಂಡರಾಯಿತಲ್ಲ ಎಂದು ಕೇಳಬಹುದು. ನಮ್ಮ ಬಳಗದಲ್ಲಿ ಕೆಲವರು ಅದನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಾರೆ, ಅದು ಕುಲಾಂತರಿಯೆಂದು ಭಾವಿಸಿದವರೂ ಇದ್ದಾರೆ. ಅದು ತಪ್ಪು ತಿಳಿವಳಿಕೆ. ಕಂದಿನ ಬೆಳವಣಿಗೆಯ ತುದಿಯ ಸಣ್ಣ ಭಾಗವನ್ನು ತೆಗೆದು, ಗಾಜಿನ ಬಾಟಲಿಯಲ್ಲಿ, ಪೋಷಕಾಂಶಗಳ ಪಾಕದ ಮೇಲೆ ಬೆಳೆಸಿ, ಒಡೆದ ಮೊಳಕೆಗಳನ್ನು ಮತ್ತೆ ಮತ್ತೆ ಬೇರ್ಪಡಿಸಿ ಬೆಳೆಸುತ್ತಾರೆ. ಹುಳು, ಜಂತುಹುಳು, ಶಿಲೀಂಧ್ರಗಳಿಂದ ಅದು ಮುಕ್ತವಾಗಿರುತ್ತದೆ. ಎಲ್ಲ ಗಿಡಗಳೂ ಒಂದೇ ಕಾಲಕ್ಕೆ ಗೊನೆ ಹಾಕುತ್ತವೆ. ಇವು ಅದರ ನಿಜವಾದ ಗುಣಗಳು.

ಮಿತಿಗಳೂ ನಿಜವೇ. ಆರಿಸಿದ ತಾಯಿಗಿಡದಲ್ಲಿ ವೈರಸ್ ಇದ್ದರೆ ಒಂದು ತುದಿಯಿಂದ ಹುಟ್ಟಿದ ನೂರಾರು ಗಿಡಗಳಲ್ಲಿಯೂ ಅದು ಇರುತ್ತದೆ. ಅದಕ್ಕಾಗಿಯೇ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಅಂಗಾಂಶ ಕೃಷಿಯ ಗಿಡಗಳಿಗೆ ಪ್ರಮಾಣೀಕರಣ ವ್ಯವಸ್ಥೆಯನ್ನು ತಂದಿತು. ಕೊಳ್ಳುವಾಗ ವೈರಸ್ ಪರೀಕ್ಷೆಯಾದ ಗಿಡವೇ ಎಂದು ಪ್ರಮಾಣಪತ್ರ ಕೇಳುವುದು ನಿಮ್ಮ ಹಕ್ಕು. ಮೊಳಕೆಗಳನ್ನು ಅತಿಯಾಗಿ ಮರುವಿಂಗಡಿಸಿದರೆ ಗುಣ ಕೆಟ್ಟ ಗಿಡಗಳು ಹೆಚ್ಚುತ್ತವೆ. ಇನ್ನು, ಶುದ್ಧವಾದ ಗಿಡಕ್ಕೆ ರೋಗ ತಡೆಯುವ ಶಕ್ತಿ ಇದೆಯೆಂದು ಅರ್ಥವಲ್ಲ. ಸೊರಗು ರೋಗದ ಶಿಲೀಂಧ್ರವಿರುವ ಮಣ್ಣಿನಲ್ಲಿ ಬಾಟಲಿಯಿಂದ ಬಂದ ರಸಬಾಳೆಯೂ ಸಾಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಯೋಗಾಲಯಗಳು ಹೆಚ್ಚಾಗಿ ಬೆಳೆಸುವುದು ಹೆಚ್ಚು ಮಾರಾಟವಾಗುವ ಜಿ-9ನಂಥ ಕೆಲವೇ ತಳಿಗಳನ್ನು. ಹತ್ತು ಮನೆಗಳಲ್ಲಿ ಮಾತ್ರ ಉಳಿದಿರುವ ಕರಿಬಾಳೆಗಾಗಿ ಯಾರೂ ಬಾಟಲಿ ತೆರೆಯುವುದಿಲ್ಲ. ಆ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು.

ಹಿತ್ತಿಲಿನಲ್ಲೇ ಗಿಡ ಹೆಚ್ಚಿಸುವ ವಿಧಾನ

ಅದಕ್ಕೆ ಒಂದು ದಾರಿಯಿದೆ. ಒಂದು ಗಡ್ಡೆಯಲ್ಲಿ ಅನೇಕ ಕಣ್ಣುಗಳಿರುತ್ತವೆ. ನೆತ್ತಿಯ ತುದಿ ಜೀವಂತವಾಗಿರುವ ತನಕ ಅವುಗಳಲ್ಲಿ ಹೆಚ್ಚಿನವು ಮಲಗಿಯೇ ಇರುತ್ತವೆ. ತುದಿಯನ್ನು ತೆಗೆದರೆ ಏಳುತ್ತವೆ. ಈ ತತ್ವದ ಮೇಲೆ ಆಫ್ರಿಕದ ಕ್ಯಾಮರೂನಿನಲ್ಲಿ ಸಣ್ಣ ರೈತರಿಗೆಂದು ಒಂದು ವಿಧಾನವನ್ನು ರೂಪಿಸಿದರು. ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರವೂ ಇಂಥ ವಿಧಾನವನ್ನು ಕಲಿಸುತ್ತ ಬಂದಿದೆ.

ಆರೋಗ್ಯವಂತ ತಾಯಿಯ ಕತ್ತಿಕಂದನ್ನು ತೊಳೆದು, ಬೇರು ಸವರಿ, ಸಿಪ್ಪೆ ಕೆತ್ತಿರಿ. ಹುಸಿಕಾಂಡವನ್ನು ಗಡ್ಡೆಯಿಂದ ಎರಡು ಸೆಂಟಿಮೀಟರ್ ಮೇಲೆ ಕತ್ತರಿಸಿ. ನಡುವಿನ ಬೆಳವಣಿಗೆಯ ತುದಿಯನ್ನು ಚೂಪಾದ ಚಾಕುವಿನಿಂದ ಸುಮಾರು ನಾಲ್ಕು ಸೆಂಟಿಮೀಟರ್ ಆಳದವರೆಗೆ ಕೊರೆದು ತೆಗೆಯಿರಿ. ನೆತ್ತಿಯ ಮೇಲೆ ಅಡ್ಡಡ್ಡಲಾಗಿ ಕೆಲವು ಸೀಳು ಹಾಕಿ. ಇಂಥ ಗಡ್ಡೆಗಳನ್ನು ತೇವವಾದ ಮರದ ಹೊಟ್ಟಿನಲ್ಲಿ, ಟ್ರೈಕೋಡರ್ಮಾ ಬೆರೆಸಿ, ನೆರಳಿನಲ್ಲಿ ಹೂಳಿರಿ. ಮೇಲೆ ಪ್ಲಾಸ್ಟಿಕ್ ಹಾಳೆಯ ಹೊದಿಕೆಯಿದ್ದರೆ ತೇವವೂ ಬಿಸುಪೂ ನಿಲ್ಲುತ್ತವೆ. ಮೂರು ನಾಲ್ಕು ವಾರಗಳಲ್ಲಿ ಮೊಳಕೆಗಳು ಹೊರಡುತ್ತವೆ. ಅವು ಎರಡು ಮೂರು ಎಲೆ ಬಿಟ್ಟಾಗ ಅವುಗಳ ತುದಿಯನ್ನೂ ಹಾಗೆಯೇ ತೆಗೆದು ಸೀಳಿದರೆ ಪ್ರತಿಯೊಂದರಿಂದಲೂ ಹೊಸ ಮೊಳಕೆಗಳು ಬರುತ್ತವೆ. ಬೇರು ಬಂದ ಮೊಳಕೆಗಳನ್ನು ಬಿಡಿಸಿ, ಮಣ್ಣು, ಮರಳು, ಎರೆಗೊಬ್ಬರ ತುಂಬಿದ ಚೀಲಗಳಲ್ಲಿ ಒಂದೂವರೆ ತಿಂಗಳು ಬೆಳೆಸಿ. ನಾಲ್ಕೈದು ತಿಂಗಳಲ್ಲಿ ಒಂದು ಗಡ್ಡೆಯಿಂದ, ತಳಿಯನ್ನು ಅನುಸರಿಸಿ, 20ರಿಂದ 40 ಗಿಡಗಳನ್ನು ಪಡೆಯಬಹುದು. ಖರ್ಚು ಬಹಳ ಕಡಿಮೆ. ಆದರೆ ಎಚ್ಚರಿಕೆಯೂ ಅಷ್ಟೇ ಬೇಕು. ರೋಗವಿರುವ ತಾಯಿಯನ್ನು ಆರಿಸಿದರೆ ಒಂದು ರೋಗದ ಕಂದು ನಲವತ್ತು ರೋಗದ ಗಿಡಗಳಾಗುತ್ತದೆ.

ನಾವು ಮಾಡಬೇಕಾದದ್ದು

ಬಳಗದ ಮುಂದೆ ನಾಲ್ಕು ಸಲಹೆಗಳನ್ನು ಇಡುತ್ತೇನೆ.

ಒಂದು. ಕಂದು ಕೊಡುವವರು ತಾಯಿಬುಡವನ್ನು ಒಂದು ಪೂರ್ಣ ಮಳೆಗಾಲ ಗಮನಿಸಿ, ಅದರ ಪಕ್ಕದ ಬುಡಗಳನ್ನೂ ನೋಡಿ, ಎಲೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದ ಮೇಲೆಯೇ ಕೊಡಬೇಕು. ಸೊರಗು ರೋಗ ಬಂದ ತೋಟದಿಂದ ಕಂದು ಕೊಡಲೇಬಾರದು, ಗಿಡ ಎಷ್ಟೇ ಚೆನ್ನಾಗಿ ಕಂಡರೂ.

ಎರಡು. ಮಣ್ಣು ಮೆತ್ತಿದ ಗಡ್ಡೆ ಈ ಕೂಟಕ್ಕೆ ಬರಬಾರದು. ಮನೆಯಲ್ಲೇ ಕೆತ್ತಿ, ಜಂತುಹುಳು ಮತ್ತು ಮೂತಿಹುಳುವಿನ ನಿವಾರಣೆಗಾಗಿ 52ರಿಂದ 55 ಡಿಗ್ರಿ ಬಿಸಿನೀರಿನಲ್ಲಿ 20 ನಿಮಿಷ ಅದ್ದಿ ತರಬೇಕು. ಉಷ್ಣಮಾಪಕ ಇಲ್ಲದವರು ಕುದಿಯುವ ನೀರಿನಲ್ಲಿ 30 ಸೆಕೆಂಡು ಅದ್ದಿದರೂ ಬಹುಮಟ್ಟಿಗೆ ಕೆಲಸವಾಗುತ್ತದೆ. ಆಫ್ರಿಕದ ರೈತರು ಈ ಕ್ರಮವನ್ನು ಬಳಸುತ್ತಾರೆ. ಅರ್ಧ ನಿಮಿಷಕ್ಕಿಂತ ಹೆಚ್ಚಾದರೆ ಕಂದು ಬೆಂದುಹೋಗುತ್ತದೆ.

ಮೂರು. ತಂದವರು ಹೊಸ ಕಂದನ್ನು ಹಳೆಯ ಬಾಳೆಯಿಂದಲೂ ಮೆಣಸಿನ ಬಳ್ಳಿಯಿಂದಲೂ ದೂರ, ಒಂಟಿಯಾಗಿ ನೆಟ್ಟು ಆರೇಳು ತಿಂಗಳು ನೋಡಬೇಕು. ಊರಿನ ಹೊಸ ಸೊಸೆಯನ್ನು ಎಲ್ಲರೂ ನೋಡುವಂತೆ ಅದನ್ನೂ ನೋಡಿ.

ನಾಲ್ಕು. ಪ್ರತಿ ತಳಿಗೂ ಕನಿಷ್ಠ ಮೂರು ತಾಯಿತೋಟಗಳಿರಲಿ, ಒಂದಕ್ಕೊಂದು ದೂರವಿರುವ ಊರುಗಳಲ್ಲಿ. ಯಾವ ಕಂದು ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಬಳಗದ ಪುಸ್ತಕದಲ್ಲಿ ಬರೆದಿಡೋಣ. ರೋಗ ಕಂಡ ದಿನ ಯಾರಿಗೆ ತಿಳಿಸಬೇಕೆಂಬುದು ಆಗ ಗೊತ್ತಿರುತ್ತದೆ. ತಿಳಿಸುವುದು ನಾಚಿಕೆಯ ವಿಷಯವಲ್ಲ. ನಾನು ಇಲ್ಲಿ ನಿಂತು ನನ್ನ ತಪ್ಪನ್ನು ಹೇಳಿದ್ದೂ ಈ ಕಾರಣಕ್ಕೇ.

ಆ ರಾಶಿಯ ಕಂದುಗಳನ್ನು ಈ ಸಭೆಯ ಬಳಿಕ ಅಂಗಳದಲ್ಲಿ ಎಲ್ಲರೂ ಸೇರಿ ಒಂದೊಂದಾಗಿ ಕೆತ್ತಿ ನೋಡೋಣ. ತಂದವರ ಹೆಸರು, ಊರು ಬರೆದುಕೊಳ್ಳೋಣ. ಯಾರ ತೋಟದ್ದೆಂದು ತಿಳಿಯದ ಕಂದನ್ನು ಯಾರೂ ಒಯ್ಯುವುದು ಬೇಡ; ಅದರ ಬಗ್ಗೆ ಮರುಕ ಬೇಡ. ಕೆತ್ತಿದ ಸಿಪ್ಪೆಯನ್ನು ಇಲ್ಲಿಯೇ ಸುಡೋಣ.

ಕೊನೆಯದಾಗಿ ಕರಿಬಾಳೆಯ ವಿಚಾರ. ನಮ್ಮಲ್ಲಿಯೂ ದೊಡ್ಡಮ್ಮನಲ್ಲಿಯೂ ಅದು ಪೂರ್ತಿಯಾಗಿ ಹೋಗಿತ್ತು. ದೊಡ್ಡಮ್ಮನ ಮಗಳನ್ನು ಘಟ್ಟದ ಕೆಳಗಿನ ಊರಿಗೆ ಕೊಟ್ಟಿದ್ದಾರೆ. ಮದುವೆಯಾದ ಹೊಸತರಲ್ಲಿ, ಇಪ್ಪತ್ತೈದು ವರ್ಷಗಳ ಹಿಂದೆ, ಆಕೆ ತವರಿನಿಂದ ಎರಡು ಕಂದು ಒಯ್ದಿದ್ದಳಂತೆ. ಯಾರಿಗೂ ನೆನಪಿರಲಿಲ್ಲ. 2023ರಲ್ಲಿ ದೊಡ್ಡಮ್ಮ ಅಲ್ಲಿಗೆ ಹೋದಾಗ ಬಾವಿಯ ಪಕ್ಕದಲ್ಲಿ ಅದೇ ಕರಿಬಾಳೆಯ ಬುಡ ನಿಂತಿತ್ತು. ಕೊಟ್ಟದ್ದರಿಂದ ನಮ್ಮ ತೋಟಗಳಿಗೆ ರೋಗ ಹರಡಿತು. ಕೊಟ್ಟದ್ದರಿಂದಲೇ ತಳಿಯೂ ಉಳಿಯಿತು.

ಅಲ್ಲಿಂದ ತಂದ ಮೂರು ಕಂದುಗಳನ್ನು ನಮ್ಮ ಬೇಣದ ಅಂಚಿನಲ್ಲಿ ಒಂಟಿಯಾಗಿ ನೆಟ್ಟು ನೋಡಿಕೊಂಡಿದ್ದೇನೆ. ಅವುಗಳಲ್ಲಿ ಒಂದರ ಮರಿಯಿಂದ ಮರದ ಹೊಟ್ಟಿನಲ್ಲಿ ಬೆಳೆಸಿದ ಗಿಡಗಳು ಈಗ ಇಪ್ಪತ್ತೆರಡು ಇವೆ. ಇಂದು ಅವನ್ನು ಇಲ್ಲಿಗೆ ತಂದಿಲ್ಲ. ತರಬೇಕೆಂದು ದೊಡ್ಡಮ್ಮನೂ ಹೇಳಿದರು, ನನಗೂ ಆಸೆಯಿತ್ತು. ಚೀಲದ ಗಿಡಗಳು ಇನ್ನೊಂದು ಮಳೆಗಾಲ ಕಳೆಯಲಿ. ಮುಂದಿನ ಕೂಟಕ್ಕೆ, ಎಲೆಗಳು ಶುಭ್ರವಾಗಿದ್ದರೆ, ಹೆಸರಿನ ಚೀಟಿಯೊಡನೆ ತರುತ್ತೇನೆ.

ಈಗ ಕತ್ತಿ ತಂದವರು ಅಂಗಳಕ್ಕೆ ಬನ್ನಿ.